ಒಂಬತ್ತು ನಿಮಿಷದ ಯಂತ್ರ

ಸಾಬವ್ವ ತನ್ನ ಗಂಡನಿಗೆ ಆಡಿದ ಕಟ್ಟಕಡೆಯ ಮಾತು ಇದು: "ಆ ಫೋಟೋದಾಗ ನನ್ನ ಕಣ್ಣು ಮುಚ್ಯಾವಂತ. ಇನ್ನೊಂದು ತಗೀರಿ ಅಂತ ಆಫೀಸಿನವರಿಗೆ ಹೇಳಿ ಬರ್ರಿ."

ಗಂಡ ಅಂಬಾರಾಯ ಹೂಂ ಅಂದ. ಆಕೆ ಆಸ್ಪತ್ರೆಯ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೂರು ದಿನದ ಜ್ವರ. ಅವನು ಚಹಾ ತರಲು ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದು ೨೦೦೪ರ ಆಗಸ್ಟ್ ೧೯, ಗುರುವಾರ. ಈ ತಾರೀಖಿನ ಬಗ್ಗೆ ಮುಂದೆ ಸಂಸ್ಥೆಗೆ ಬೇರೆ ಅಭಿಪ್ರಾಯ ಇತ್ತಾದ್ದರಿಂದ ಇಲ್ಲಿ ಸ್ಪಷ್ಟವಾಗಿ ನಮೂದಿಸಲಾಗಿದೆ.

ಸಂಸ್ಥೆ ಎಂದರೆ ಪುಣೆಯ ಮಾರ್ಕೆಟ್ ಯಾರ್ಡಿನ ಕನ್ನಡಿಗ ಶ್ರಮಜೀವಿ ಹಿತವರ್ಧಕ ಸಂಸ್ಥೆ. ಉಳ್ಳಾಗಡ್ಡಿ ಆರಿಸುವ ಹೆಂಗಸರಿಗೂ ಚೀಲ ಹೊರುವ ಹಮಾಲರಿಗೂ ಗುರುತಿನ ಚೀಟಿ ಕೊಡಬೇಕೆಂದು ಅದು ಎಲ್ಲರ ಫೋಟೋ ತೆಗೆಸಿ ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡಿತ್ತು. ಸಾಬವ್ವ ಜನ್ಮದಲ್ಲಿ ತೆಗೆಸಿಕೊಂಡ ಫೋಟೋ ಅದೊಂದೇ. ಮದುವೆಗೆ ಫೋಟೋದವನನ್ನು ಕರೆದಿದ್ದರು. ಅವನು ಊಟ ಮಾಡಿ ಹೋಗಿದ್ದ.

ಅಂಬಾರಾಯನಿಗೆ ಆ ಫೋಟೋ ಬೇಕಾಗಿತ್ತು. ಕಣ್ಣು ಮುಚ್ಚಿದ್ದರೂ ನಡೆಯುತ್ತಿತ್ತು. ಅವನಿಗೆ ಐವತ್ತೆಂಟು ವರ್ಷ, ಓದಿದ್ದು ಎರಡನೇ ಇಯತ್ತೆ, ಮೂವತ್ತು ವರ್ಷ ಹೊತ್ತ ಬೆನ್ನು. ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಮಾತನ್ನೂ ಸಾಬವ್ವ ಒಬ್ಬಳೇ ಆಡುತ್ತಿದ್ದಳು. ಈಗ ಕೋಣೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಗೋಡೆಗೆ ಒಂದು ಮುಖವಾದರೂ ಇರಲಿ ಎಂದು ಅವನು ಮೊಳೆ ಹೊಡೆದು, ಫೋಟೋ ತರಲು ಆಫೀಸಿಗೆ ಹೋದ.

ಲ್ಯಾಪ್‌ಟಾಪಿನ ಸಂಗತಿ ಹೀಗಿದೆ. ಅದನ್ನು ದಾನ ಕೊಟ್ಟವರು ಒಬ್ಬ ರಫ್ತು ವ್ಯಾಪಾರಿ. ಆರು ವರ್ಷ ತಾವು ಬಳಸಿ, ಮೂರು ಗುಂಡಿ ಉದುರಿದ ಮೇಲೆ ಅವರಿಗೆ ಬಡವರ ನೆನಪಾಯಿತು. ಅವರ ಮನೆಯವರು ಅದಕ್ಕೆಂದೇ ಕೆಂಪು ಮಖಮಲ್ಲಿನ ಗಾದಿ ಹೊಲಿಸಿ ಕೊಟ್ಟರು, ಒಳಗೆ ಹೊಸ ಹತ್ತಿ. ಪೇಟೆಯಲ್ಲಿ ಸಾವಕಾರರು ಕೂಡುವುದು ಗಾದಿಯ ಮೇಲೆ. ಯಂತ್ರವನ್ನು ಬರಿ ಮೇಜಿನ ಮೇಲೆ ಕುಕ್ಕಿದರೆ ಅದಕ್ಕೂ ಹಮಾಲನಿಗೂ ಏನು ವ್ಯತ್ಯಾಸ ಎಂದು ಅಧ್ಯಕ್ಷರಾದ ಅಪ್ಪಾಸಾಹೇಬರು ಸಮಾರಂಭದಲ್ಲಿ ಕೇಳಿದರು. ಹಮಾಲರು ಚಪ್ಪಾಳೆ ತಟ್ಟಿದರು. ಅಂದೇ ಹದಿನಾಲ್ಕನೇ ಠರಾವು ಪಾಸಾಯಿತು: "ಸದರಿ ಯಂತ್ರವನ್ನು ಸದರಿ ಗಾದಿಯ ಮೇಲಲ್ಲದೆ ಸಂಸ್ಥೆಯ ಆವರಣದಲ್ಲಿ ಬೇರೆಲ್ಲಿಯೂ ಇರಿಸತಕ್ಕದ್ದಲ್ಲ."

ಅಂದಿನಿಂದ ಯಂತ್ರ ಒಂಬತ್ತು ನಿಮಿಷಕ್ಕೊಮ್ಮೆ ತಾನೇ ಬಂದ್ ಆಗಿ ತಾನೇ ಸುರುವಾಗತೊಡಗಿತು. ಇದನ್ನು ದೋಷ ಎಂದರೆ ದಾನಿಗಳಿಗೆ ಬೇಸರವಾದೀತೆಂದು ಸಂಸ್ಥೆ 'ಪುನರಾರಂಭ' ಎಂಬ ಶಬ್ದವನ್ನು ಮಂಜೂರು ಮಾಡಿತು. ಪ್ರತಿ ಪುನರಾರಂಭಕ್ಕೂ ನಾಲ್ಕು ನಿಮಿಷ ಬೇಕು. ಕೊನೆಗೆ ಯಂತ್ರ ಒಂದು ಸಣ್ಣ ರಾಗ ಹಾಡುತ್ತದೆ. ಮೊದಲ ದಿನ ಆ ರಾಗ ಬಂದಾಗ ಅಪ್ಪಾಸಾಹೇಬರು ಎದ್ದು ನಿಂತರು. ಸೊಂಟ ಹಿಡಿದಿದ್ದಕ್ಕೆ ನಿಂತದ್ದು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಎಲ್ಲರೂ ನಿಂತಾಗಿತ್ತು. ಈಗ ನಿಲ್ಲುವುದು ರೂಢಿ. ಚಹಾ ಕುಡಿಯುವುದೂ ಪುನರಾರಂಭದಲ್ಲೇ, ನಿಂತೇ. ಕಾರಕೂನ ಲೋಕನಾಥ ಇದಕ್ಕಾಗಿ ಪ್ರತ್ಯೇಕ ವಹಿ ಇಟ್ಟಿದ್ದ. ವೇಳೆ, ಹಾಜರಿದ್ದವರು, ಷರಾ ಎಂದು ಮೂರು ಕಾಲಮ್ಮು. ಷರಾದಲ್ಲಿ ಯಾವಾಗಲೂ 'ಎಂದಿನಂತೆ'.

ಈ ಲೋಕನಾಥನ ಮುಂದೆ ಅಂಬಾರಾಯ ಹೋಗಿ ನಿಂತ.

"ನಮ್ಮಾಕಿ ಫೋಟೋ ಬೇಕಾಗಿತ್ತರಿ, ಸಾಹೇಬ್ರ."

"ಹೆಸರೇನು?"

"ಸಾಬವ್ವ ರೀ."

ಲೋಕನಾಥ ಪೆನ್ನು ಕೆಳಗಿಟ್ಟ. "ಕಾಕಾ, ಸ ಭಾಳ ದೂರ ಅದ."

ದೂರ ಹೇಗೆಂದು ಅವನು ತಿಳಿಸಿ ಹೇಳಿದ. ಪಟ್ಟಿಯಲ್ಲಿ ನಾನೂರ ಹನ್ನೆರಡು ಹೆಸರು. ಅ ಅಕ್ಷರದಿಂದ ಒಂದೊಂದೇ ಫೋಟೋ ತೆರೆಯುತ್ತ ಯಂತ್ರ ಮುಂದೆ ಹೋಗುತ್ತದೆ. ನಡುವೆ ಹಾರಿಸಲು ಬರುವುದಿಲ್ಲ, ಹಾರಿಸುವ ಗುಂಡಿ ಉದುರಿದ ಮೂರರಲ್ಲಿ ಒಂದು. ಒಂಬತ್ತು ನಿಮಿಷದಲ್ಲಿ ಹೆಚ್ಚೆಂದರೆ ಮ ಮುಟ್ಟುತ್ತದೆ. ಆಮೇಲೆ ಪುನರಾರಂಭ, ಆಮೇಲೆ ಮತ್ತೆ ಅ.

"ಹಂಗಾದ್ರ ಮ ಆದ ಮ್ಯಾಲಿನವರು ಏನ್ ಮಾಡ್ಯಾರ್ರಿ?"

"ಅದಕ್ಕ ವ್ಯವಸ್ಥಾ ಮಾಡೀವಲ್ಲ," ಎಂದು ಲೋಕನಾಥ ಗೋಡೆ ತೋರಿಸಿದ. ಅಲ್ಲಿ ಪ್ರಕಟಣೆ ಅಂಟಿಸಿತ್ತು. ಅಂಬಾರಾಯನಿಗೆ ಓದಲು ಹೊತ್ತು ಹಿಡಿಯುತ್ತದೆಂದು ತಾನೇ ಓದಿ ಹೇಳಿದ:

"ಯ ಅಕ್ಷರದಿಂದ ಮುಂದಿನ ಹೆಸರುಳ್ಳ ಸದಸ್ಯರು ಸಂಸ್ಥೆಯ ಅನುಕೂಲಕ್ಕಾಗಿ ಮೊದಲಿನ ಅಕ್ಷರದ ಹೆಸರೊಂದನ್ನು ಇಟ್ಟುಕೊಳ್ಳತಕ್ಕದ್ದು. ಅ ಅಕ್ಷರದಲ್ಲಿ ಸದ್ಯ ಗರ್ದಿ ಇರುವುದರಿಂದ ಕ ಮತ್ತು ಗ ಅಕ್ಷರಗಳಿಗೆ ಆದ್ಯತೆ. ಹೆಸರು ಬದಲಿಸುವವರು ಖುದ್ದಾಗಿ ಹಾಜರಿರತಕ್ಕದ್ದು."

ಹಲವರು ಆಗಲೇ ಬದಲಿಸಿಕೊಂಡಿದ್ದರು. ಶರಣಪ್ಪ ಕರಣಪ್ಪನಾಗಿದ್ದ. ಅವನ ಹೆಂಡತಿ ಮಾತ್ರ ಇನ್ನೂ ಹಳೆಯ ಹೆಸರಿಗೇ ಬಯ್ಯುತ್ತಿದ್ದಳು. ಸಾಬವ್ವನ ಪಕ್ಕ ಕೂತು ಹದಿನೈದು ವರ್ಷ ಉಳ್ಳಾಗಡ್ಡಿ ಆರಿಸಿದ ಸಕ್ಕುಬಾಯಿಯನ್ನೂ ಲೋಕನಾಥ ಕೇಳಿದ್ದ. ಆಕೆ, "ನನಗ ಹೆಸರಿಟ್ಟಾಕಿ ನಮ್ಮಜ್ಜಿ. ಹೋಗಿ ಆಕಿನ್ನ ಕೇಳ್ಕೊಂಡು ಬರ್ರಿ. ಸತ್ತು ಇಪ್ಪತ್ತು ವರ್ಷ ಆತು, ಮನ್ಯಾಗೇ ಇರತಾಳ," ಎಂದಿದ್ದಳು.

"ಸಾಬವ್ವನ ಹೆಸರು ಗ ಮಾಡಿಸಿಬಿಡ್ರಿ ಕಾಕಾ," ಎಂದ ಲೋಕನಾಥ. "ಗೌರವ್ವ ಅಂದ್ರ ನಾಕು ನಿಮಿಷದ ಒಳಗ ಬರತಾಳ. ಆಕಿನ್ನ ಒಮ್ಮೆ ಕರಕೊಂಡು ಬರ್ರಿ."

"ಆಕಿ ಹೋಗ್ಯಾಳಲ್ರಿ."

"ಎಲ್ಲಿಗೆ?"

ಅಂಬಾರಾಯ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಲೋಕನಾಥನಿಗೆ ತಿಳಿಯಿತು. ಅವನು ಕೆಟ್ಟವನಲ್ಲ, ಕಾರಕೂನ. ಪೆನ್ನಿನ ಮುಚ್ಚಳ ಹಾಕಿ ಒಂದು ಗಳಿಗೆ ತಲೆ ಬಗ್ಗಿಸಿದ. ಆಮೇಲೆ ಹೇಳಿದ: "ಸತ್ತಾರ ಅಂತ ಬರಕೋಬೇಕಂದ್ರೂ ಸ ತನಕ ಹೋಗಬೇಕು ಕಾಕಾ. ಹೋದ ಎರಡು ವರ್ಷದಾಗ ಯ ಮುಂದಿನವರು ಹನ್ನೊಂದು ಮಂದಿ ತೀರಿಕೊಂಡಾರ. ನಮ್ಮ ಕಡೆ ಇನ್ನೂ ಎಲ್ಲರೂ ಇದ್ದಾರ."

ಇದು ಸುಳ್ಳಲ್ಲ ಎಂಬುದು ಮುಂದಿನ ವಾರವೇ ಖಾತ್ರಿಯಾಯಿತು. ಅಂಬಾರಾಯನ ಕೋಣೆಗೆ ಸಾಬವ್ವನ ಹೆಸರಿಗೆ ನೋಟೀಸು ಬಂತು. ಆಗಸ್ಟ್ ೨೦ರಿಂದ ತಾವು ಕೆಲಸಕ್ಕೆ ಗೈರುಹಾಜರಿದ್ದೀರಿ, ಕಾರಣವನ್ನು ಏಳು ದಿನದೊಳಗೆ ಖುದ್ದಾಗಿ ತಿಳಿಸತಕ್ಕದ್ದು ಎಂದು ಅದರಲ್ಲಿತ್ತು. ಅಂಬಾರಾಯ ಅದನ್ನು ಓದಿಸಿಕೊಳ್ಳಲು ಲೋಕನಾಥನ ಹತ್ತಿರವೇ ತಂದ. ಲೋಕನಾಥ ಗಂಭೀರವಾಗಿ ಓದಿ ಹೇಳಿದ. ಕೆಳಗೆ ಅವನದೇ ಸಹಿ ಇತ್ತು. ಇಬ್ಬರೂ ಸ್ವಲ್ಪ ಹೊತ್ತು ಆ ಸಹಿ ನೋಡಿದರು.

"ಭಾಷಾ ಛಲೋ ಅದ," ಎಂದ ಅಂಬಾರಾಯ.

ಅಂದಿನಿಂದ ಅವನು ದಿನಾ ಬೆಳಗಿನ ಲಾರಿ ಖಾಲಿ ಮಾಡಿ ಆಫೀಸಿಗೆ ಬಂದು ಬಾಗಿಲ ಹತ್ತಿರ ಕೂಡತೊಡಗಿದ. ಯಂತ್ರಕ್ಕೆ ಒಂದು ದಿನ ಮನಸ್ಸು ಬಂದು ಸ ಮುಟ್ಟಿದರೆ ತಾನು ಅಲ್ಲಿರಬೇಕು. ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ರಾಗ ಬಂದಾಗ ಎಲ್ಲರ ಜೊತೆ ಏಳುತ್ತಿದ್ದ, ಎಲ್ಲರ ಜೊತೆ ಕೂಡುತ್ತಿದ್ದ. ಒಂದು ತಿಂಗಳಲ್ಲಿ ಅವನ ಹೆಸರು ವಹಿಯ ಎರಡನೇ ಕಾಲಮ್ಮಿನಲ್ಲಿ ಕಾಯಂ ಆಯಿತು.

ಸಂಸ್ಥೆ ಕೈ ಕಟ್ಟಿಕೊಂಡು ಕೂತಿತ್ತು ಎಂದು ಯಾರೂ ತಿಳಿಯಬಾರದು. ಪುಣೆಯದೇ ಇನ್ನೊಂದು ಬಡಾವಣೆ ಕೊಂಢವಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಬಾಳು ಎಂಬವನಿಗೆ ಯಂತ್ರವನ್ನು ಮೂರು ಸಲ ತೋರಿಸಲಾಗಿತ್ತು. ಮೂರು ಸಲವೂ ಅವನು ಅಂಗಡಿಗೆ ಒಯ್ದು ಎರಡೆರಡು ದಿನ ಹಚ್ಚಿಟ್ಟ. ಒಮ್ಮೆಯೂ ಪುನರಾರಂಭ ಆಗಲಿಲ್ಲ. ಮೂರು ಸಲವೂ 'ಮಶೀನು ಠಣಠಣೀತ ಅದ, ಏನೂ ಆಗಿಲ್ಲ' ಎಂದು ಬರೆದುಕೊಟ್ಟ. ಯಂತ್ರ ಆಫೀಸಿಗೆ ಬಂದು ಗಾದಿಯ ಮೇಲೆ ಕೂತ ಒಂಬತ್ತನೇ ನಿಮಿಷಕ್ಕೆ ಬಂದ್ ಆಯಿತು, ರಾಗ ಬಂದು ಎಲ್ಲರೂ ಎದ್ದು ನಿಂತರು.

ಗಾದಿಯನ್ನು ಕೊಂಢವಾಕ್ಕೆ ಕಳಿಸಿರಲಿಲ್ಲ. ಅದು ಸಂಸ್ಥೆಯ ಸ್ಥಿರಾಸ್ತಿಯ ಪಟ್ಟಿಯಲ್ಲಿತ್ತು.

ಅಂಗಡಿಯಲ್ಲಿ ನಡೆಯುವ ಯಂತ್ರ ಆಫೀಸಿನಲ್ಲಿ ಯಾಕೆ ನಡೆಯುವುದಿಲ್ಲ ಎಂದು ತಿಳಿಯಲು ಮೂವರ ಉಪಸಮಿತಿ ಕೊಂಢವಾಕ್ಕೆ ಹೋಗಿ ಒಂದು ದಿನ ಅಭ್ಯಾಸ ನಡೆಸಿತು. ಬಾಳು ಕೊಟ್ಟ ಚಹಾ ಅವರಿಗೆ ಹಿಡಿಸಿತು. ಯಂತ್ರಕ್ಕೆ ಕೊಂಢವಾದ ಹವಾ-ನೀರು ಒಗ್ಗುತ್ತದೆ, ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಘಾಟು ಒಗ್ಗುವುದಿಲ್ಲ ಎಂದು ವರದಿ ಬಂತು. ಆಫೀಸನ್ನೇ ಕೊಂಢವಾಕ್ಕೆ ಒಯ್ಯಬೇಕೆಂಬ ಸೂಚನೆ ಎರಡು ಮತದಿಂದ ಬಿತ್ತು. ಬದಲಿಗೆ ವಾರಕ್ಕೊಮ್ಮೆ ಒಂದು ಕ್ಯಾನ್ ಕೊಂಢವಾ ನೀರು ತರಿಸಿ ಯಂತ್ರದ ಬಲಗಡೆ ಇಡಬೇಕೆಂದು ಠರಾವಾಯಿತು. ದಿನಾ ಬಾಗಿಲಲ್ಲೇ ಕೂಡುವ ಅಂಬಾರಾಯನಿಗೆ ಆ ಕೆಲಸ ಒಪ್ಪಿಸಿದರು.

ಅವನು ಬಸ್ಸಿನಲ್ಲಿ ಹೋಗಿ ನೀರು ತಂದು ಇಟ್ಟ. ಯಂತ್ರ ಒಂಬತ್ತನೇ ನಿಮಿಷಕ್ಕೆ ಬಂದ್ ಆಯಿತು.

"ಸುಧಾರಣಾ ಕಾಣಸ್ತದ," ಎಂದರು ಅಪ್ಪಾಸಾಹೇಬರು. "ಮೊದಲಿನಷ್ಟು ಸಿಟ್ಟು ಇಲ್ಲ."

ನಾಲ್ಕನೇ ಕ್ಯಾನಿನ ದಿನ, ಮತ್ತೊಮ್ಮೆ ರಿಪೇರಿಗೆ ಕಳಿಸಿದ್ದ ಯಂತ್ರವನ್ನೂ ಬಾಳುವಿನ ಅಂಗಡಿಯಿಂದ ತರುವುದಿತ್ತು. ಅದು ಕಬ್ಬಿಣದ ಜಾಳಿಗೆಯ ಕಪಾಟಿನ ಮೇಲೆ, ಕೆಳಗೆ ಏನೂ ಇಲ್ಲದೆ, ಬೆಳಗಿನಿಂದ ನಡೆಯುತ್ತಿತ್ತು. ಸ ತೆರೆಯಲು ಬರುತ್ತದೇನು ಎಂದು ಅಂಬಾರಾಯ ಕೇಳಿದ. ಪಟ್ಟಿಯ ಗುಪ್ತಪದ ಲೋಕನಾಥನೊಬ್ಬನಿಗೇ ಗೊತ್ತು ಎಂದ ಬಾಳು. ಅಂಬಾರಾಯ ಯಂತ್ರ ಎತ್ತಿಕೊಂಡ. ಹಮಾಲ ಯಾವ ಸಾಮಾನನ್ನೇ ಆಗಲಿ ಮೊದಲು ತಳಕ್ಕೆ ಅಂಗೈ ಕೊಟ್ಟು ನೋಡುತ್ತಾನೆ. ತಳ ತಣ್ಣಗಿತ್ತು.

ಆಫೀಸಿನಲ್ಲಿ ಅದನ್ನು ಗಾದಿಯ ಮೇಲೆ ಕೂಡಿಸಿದರು. ಎಂಟನೇ ನಿಮಿಷಕ್ಕೆ ಅವನು ಯಾರನ್ನೂ ಕೇಳದೆ ಹೋಗಿ ಗಾದಿಗೂ ಯಂತ್ರಕ್ಕೂ ನಡುವೆ ಕೈ ತೂರಿಸಿದ. ಆ ಬಿಸಿ ಅವನ ಅಂಗೈಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಅದೇ ಅಂಗೈ ಒಂದು ಹಣೆಯ ಮೇಲೆ ಇತ್ತು.

"ಇದಕ್ಕ ಜ್ವರ ಬಂದಾವ್ರಿ," ಎಂದ. "ಹಾಸಿಗಿ ತಗೀರಿ. ಉಸರಾಡಾಕ ಆಗವಲ್ದು."

ಅವನು ಒಮ್ಮೆಗೆ ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಯಂತ್ರ ಬಂದ್ ಆಗಿ ಮತ್ತೆ ಸುರುವಾಗಿ ರಾಗ ಬಂತು. ಎಲ್ಲರೂ ನಿಂತರು. ನಿಂತದ್ದಾಗಿದೆಯಲ್ಲ ಎಂದು ಅಪ್ಪಾಸಾಹೇಬರು ಅದನ್ನೇ ತುರ್ತು ಸಭೆ ಎಂದು ಸಾರಿದರು.

"ಅಂಬಾರಾಯ, ನೀ ಹೇಳೂದು ಗಾದಿ ಮ್ಯಾಲೆ ಆರೋಪ," ಎಂದರು ಅವರು. "ಗಾದಿ ಕೊಟ್ಟವರು ಯಾರು? ದಾನಿಗಳ ಮನಿಯವರು. ಮುಂದಿನ ತಿಂಗಳು ಅವರು ಬರತಾರ. ಬಂದು ಬರಿ ಮೇಜು ನೋಡಿದರ ನಾ ಯಾವ ಮುಖ ತೋರಸ್ಲಿ?"

"ಗಾದಿ ಇರಲಿರಿ, ಸಾವಕಾರ್ರ."

"ಠರಾವು? ಗಾದಿ ಬಿಟ್ಟು ಮತ್ತೆಲ್ಲೂ ಇಡಂಗಿಲ್ಲ ಅಂತ ಬರದದ."

"ಇಡಂಗಿಲ್ರಿ," ಎಂದ ಅಂಬಾರಾಯ. "ನೆಲ ಹಸಿ ಇದ್ರ ಸಕ್ಕರಿ ಚೀಲ ನಾವು ಕೆಳಗ ಇಡಂಗಿಲ್ಲ. ಲಾರಿ ಬರೂತನಕ ಹೊತಗೊಂಡೇ ನಿಂದ್ರತೀವಿ."

ಹೀಗೆಂದು ಅವನು ಮೇಜಿನ ಆಚೆ ಬದಿಗೆ ಹೋಗಿ, ಯಂತ್ರದ ಎರಡೂ ಅಂಚಿಗೆ ಕೈ ಹಾಕಿ, ಅದನ್ನು ಗಾದಿಯಿಂದ ಒಂದು ಗೇಣು ಮೇಲೆ ಎತ್ತಿ ನಿಂತ.

ಲೋಕನಾಥ ಗುಪ್ತಪದ ಹೊಡೆದು ಪಟ್ಟಿ ತೆರೆದ. ಅವನು ಗುಂಡಿ ಒತ್ತಿದಷ್ಟೂ ಅಂಬಾರಾಯ ಕೆಳಗಿನಿಂದ ಅಷ್ಟೇ ಬಲ ಕೊಟ್ಟ. ಏಳು ನಿಮಿಷ ಆಯಿತು. ಎಂಟಾಯಿತು. ಒಂಬತ್ತನೇ ನಿಮಿಷಕ್ಕೆ ಅಪ್ಪಾಸಾಹೇಬರು ಅರ್ಧ ಎದ್ದರು. ಪರದೆ ಕಪ್ಪಾಗಲಿಲ್ಲ. ಅರ್ಧಕ್ಕೆ ನಿಂತು ನೋಡಿ ಮತ್ತೆ ಕೂತರು. ಹನ್ನೊಂದಾಯಿತು. ಚಹಾ ಬಂತು. ಯಾವಾಗ ಕುಡಿಯಬೇಕೆಂದು ಯಾರಿಗೂ ತಿಳಿಯದೆ ಆರಿಹೋಯಿತು. ಲೋಕನಾಥ ವಹಿಯ ಕಡೆ ನೋಡಿದ, ಬರೆಯಲು ಏನೂ ಇರಲಿಲ್ಲ. ಎರಡು ವರ್ಷದಲ್ಲಿ ಆಫೀಸಿನಲ್ಲಿ ಇಂಥ ಅವ್ಯವಸ್ಥೆ ಆಗಿರಲಿಲ್ಲ.

"ಯ ಬಂತು," ಎಂದ ಲೋಕನಾಥ, ಊರು ಬಿಟ್ಟು ಮೊದಲ ಸಲ ಹೊರಬಿದ್ದವನ ಹಾಗೆ. "ರ ಬಂತು. ಕಾಕಾ, ಕೈ ಗಟ್ಟಿ ಹಿಡೀರಿ. ಶ."

ಸುದ್ದಿ ಹೊರಗೆ ಹೋಗಿ ಉಳ್ಳಾಗಡ್ಡಿ ಆರಿಸುವವರು ಬಾಗಿಲಲ್ಲಿ ಸೇರಿದರು. ಸಕ್ಕುಬಾಯಿ ಒಳಗೇ ಬಂದಳು.

"ಬಂದಳು," ಎಂದ ಲೋಕನಾಥ.

ಅಂಬಾರಾಯನಿಗೆ ಏನೂ ಕಾಣಲಿಲ್ಲ. ಪರದೆ ಲೋಕನಾಥನ ಕಡೆ ಇತ್ತು. ಅವನ ಕಡೆ ಇದ್ದದ್ದು ಬೆನ್ನು, ಅದರ ಮೇಲೆ ದಾನಿಗಳ ಹೆಸರು. ಸಕ್ಕುಬಾಯಿ ಸೀರೆಗೆ ಕೈ ಒರೆಸಿಕೊಂಡು ಯಂತ್ರದ ಕೆಳಗೆ ಕೈ ಕೊಟ್ಟಳು.

"ಬಿಡ್ರಿ ಅಣ್ಣಾರ. ಬುಟ್ಟಿಗಿಂತ ಹಗುರ ಅದ. ಹೋಗಿ ನೋಡ್ರಿ."

ಅವನು ಸುತ್ತು ಹಾಕಿ ಬಂದು ನೋಡಿದ. ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು ತೆರೆದು, ಫೋಟೋದವನನ್ನು ಬಯ್ಯಲು ಹೊರಟಿತ್ತು. ಬಾಯಿ ಮಾತಿನ ನಡುವೆ ನಿಂತಿತ್ತು. ಯಾವ ಮಾತು ಎಂದು ಅಂಬಾರಾಯನಿಗೆ ಹೆಚ್ಚು ಕಡಿಮೆ ಗೊತ್ತಾಯಿತು.

"ಎರಡೂ ಮುಚ್ಯಾವ ಅಂತ ನಾನೇ ಚಾಷ್ಟಿ ಮಾಡಿದ್ದೆ," ಎಂದಳು ಸಕ್ಕುಬಾಯಿ, ಯಂತ್ರದ ಹಿಂದಿನಿಂದ. "ಎರಡು ದಿನ ನನ್ನ ಕೂಡ ಮಾತು ಬಿಟ್ಟಿದ್ದಳು. ಆಮ್ಯಾಲೆ ಜ್ವರ ಬಂತು." ಆಕೆ ಯಂತ್ರದ ಕೆಳಗಿನ ಕೈ ಬದಲಿಸಿದಳು. ಆಮೇಲೆ, "ಲಗೂ ನೋಡ್ರಿ, ನನ್ನ ಉಳ್ಳಾಗಡ್ಡಿ ಹಂಗೇ ಬಿದ್ದಾವ," ಎಂದಳು.

"ಇದನ್ನ ಕಾಗದದ ಮ್ಯಾಲೆ ಕೊಡ್ರಿ, ಸಾಹೇಬ್ರ," ಎಂದ ಅಂಬಾರಾಯ.

ಪ್ರಿಂಟರ್ ಅಲ್ಲೇ ಇತ್ತು. ಅದು ಯಾವತ್ತೂ ಕೆಟ್ಟಿರಲಿಲ್ಲ, ಹೀಗಾಗಿ ಅದರ ಬಗ್ಗೆ ಯಾರಿಗೂ ನೆನಪಿರಲಿಲ್ಲ. ಆದರೆ ಲೋಕನಾಥ ನಿಯಮದ ಪುಸ್ತಕ ತೆಗೆದ. ಬದುಕಿದ್ದ ಸದಸ್ಯರ ಫೋಟೋವನ್ನು ಆ ಸದಸ್ಯರ ಕೈಗೇ ಕೊಡಬೇಕು. ಸತ್ತ ಸದಸ್ಯರದಾದರೆ ವಾರಸುದಾರರಿಗೆ ಕೊಡಬಹುದು.

"ಹಂಗಾದ್ರ ಸತ್ತಾಳ ಅಂತ ಬರಕೋರಿ."

"ಬರಕೋತೀನಿ. ಬರಕೊಂಡ ಕೂಡಲೇ ಮಶೀನು ಹೆಸರು ತಗೀತದ. ಹೆಸರಿನ ಕೂಡ ಫೋಟೋನೂ ಹೋಗತದ."

"ಮತ್ತ ವಾರಸುದಾರರಿಗೆ ಏನು ಕೊಡತೀರಿ?"

ಲೋಕನಾಥ ಪುಟ ತಿರುವಿದ. "ಅದರ ಬಗ್ಗೆ ನಿಯಮ ಇಲ್ಲ, ಕಾಕಾ. ಇಲ್ಲೀತನಕ ಯಾರೂ ಸ ಮುಟ್ಟಿದ್ದಿಲ್ಲ."

ಅಂಬಾರಾಯ ಅಧ್ಯಕ್ಷರ ಕಡೆ ನೋಡಿದ. ಅಪ್ಪಾಸಾಹೇಬರಿಗೂ ಮನಸ್ಸು ಕರಗಿತ್ತು. "ನಿಯಮ ನಾನೇ ಮಾಡೀನಪಾ," ಎಂದರು ಸಣ್ಣ ದನಿಯಲ್ಲಿ. "ನಾನೇ ಮುರದೆ ಅಂದ್ರ ನಾಳೆ ಇವರು ಯಾರೂ ಎದ್ದು ನಿಂದ್ರಂಗಿಲ್ಲ."

ಅವರು ಮಾಡಬಹುದಾದದ್ದನ್ನು ಮಾಡಿದರು. ಸಂಜೆಯೊಳಗೆ ಹೊಸ ಪ್ರಕಟಣೆ ಗೋಡೆಗೆ ಬಂತು:

"ಸದರಿ ಯಂತ್ರವು ಇನ್ನು ಮುಂದೆ ಸದರಿ ಗಾದಿಯ ಮೇಲೆಯೇ, ಆದರೆ ಗಾದಿಗೆ ತಾಗದಂತೆ ಇರತಕ್ಕದ್ದು. ಈ ಕಾರ್ಯಕ್ಕಾಗಿ 'ಯಂತ್ರಧಾರಕ' ಎಂಬ ಹುದ್ದೆಯನ್ನು ನಿರ್ಮಿಸಲಾಗಿದ್ದು, ಶ್ರೀ ಅಂಬಾರಾಯ ಇವರನ್ನು ಅದಕ್ಕೆ ನೇಮಿಸಲಾಗಿದೆ. ಧಾರಕರು ಪರದೆಯ ಕಡೆ ನೋಡತಕ್ಕದ್ದಲ್ಲ. ಯ ಅಕ್ಷರದಿಂದ ಮುಂದಿನ ಎಲ್ಲ ಮೃತ ಸದಸ್ಯರ ಹೆಸರುಗಳನ್ನು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ತೆಗೆದುಹಾಕಲಾಗುವುದು. ಕೊಂಢವಾ ನೀರು ಮುಂದುವರಿಯುವುದು."

ಮರುದಿನ ಬೆಳಿಗ್ಗೆ ಅಂಬಾರಾಯ ಬೆಳಗಿನ ಲಾರಿಗೆ ಹೋಗಲಿಲ್ಲ. ಹತ್ತಕ್ಕೆ ಸರಿಯಾಗಿ ಆಫೀಸಿಗೆ ಬಂದು, ಕೈ ತೊಳೆದು, ಯಂತ್ರ ಎತ್ತಿ ನಿಂತ.

"ಹಿಡೀರಿ ಕಾಕಾ," ಎಂದ ಲೋಕನಾಥ ಹುರುಪಿನಿಂದ. "ಇವತ್ತು ಸತ್ತವರನ್ನೆಲ್ಲ ಮುಗಿಸಿಬಿಡೂಣು."

ಒಬ್ಬೊಬ್ಬರಿಗೂ ಐದು ಪ್ರಶ್ನೆ. ಹೆಸರು, ತಾರೀಖು, ಕಾರಣ, ಸಾಕ್ಷಿ, ವಾರಸುದಾರ. ಲೋಕನಾಥ ಒಂದೇ ಬೆರಳಿನಲ್ಲಿ ಹೊಡೆಯುತ್ತಿದ್ದ. ಯಲ್ಲಪ್ಪ ಹೋದ. ರುಕ್ಮವ್ವ ಹೋದಳು. ಲಚಮಣ್ಣ, ವಿಠೋಬಾ, ಶಾಂತವ್ವ. ಅಂಬಾರಾಯ ಎದುರಿನ ಗೋಡೆ ನೋಡುತ್ತ ನಿಂತಿದ್ದ. ಅರ್ಧ ತಾಸಾದರೂ ಕೈ ಅಲುಗಿರಲಿಲ್ಲ.

"ಸಾಬವ್ವ," ಎಂದ ಲೋಕನಾಥ.

ಅಂಬಾರಾಯ ಯಂತ್ರವನ್ನು ಮೆತ್ತಗೆ ಕೆಳಗಿಳಿಸಿ ಗಾದಿಯ ಮೇಲೆ ಇಟ್ಟ. ಮೇಲಿನಿಂದ ಎರಡೂ ಅಂಗೈ ಊರಿ, ಅದು ಹತ್ತಿಯೊಳಗೆ ಚೆನ್ನಾಗಿ ಕೂಡುವಂತೆ ಒತ್ತಿದ.

"ಯಾಕ ಕಾಕಾ?"

"ಕೈ ಸೋತಾವ್ರಿ."

ನೂರು ಕಿಲೋದ ಚೀಲ ಹೊತ್ತು ಮೂರು ಮಹಡಿ ಹತ್ತುವ ಕೈ ಅದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಲೋಕನಾಥನಿಗೂ ಗೊತ್ತಿತ್ತು. ಅವನು ಅಂಬಾರಾಯನ ಮುಖ ನೋಡಿದ. ಆಮೇಲೆ ಪರದೆಗೆ ತಿರುಗಿ, ಒಂದು ಬೆರಳಿನಿಂದ, ಇನ್ನೂ ಸಾವಕಾಶ ಹೊಡೆಯತೊಡಗಿದ. ಹೆಸರು ಹೊಡೆದ. ತಪ್ಪಾಯಿತೆಂದು ಅಳಿಸಿ ಮತ್ತೆ ಹೊಡೆದ. ತಾರೀಖು ಕೇಳಿದ, ಕೇಳಿಸಲಿಲ್ಲವೆಂದು ಮತ್ತೆ ಕೇಳಿದ. ಕಾರಣ ಎಂಬಲ್ಲಿ 'ಜ್ವರ' ಎಂದು ಹೊಡೆಯುವಷ್ಟರಲ್ಲಿ ಪರದೆ ಕಪ್ಪಾಯಿತು.

ನಾಲ್ಕು ನಿಮಿಷಕ್ಕೆ ರಾಗ ಬಂತು. ಅಪ್ಪಾಸಾಹೇಬರು ಎದ್ದರು. ಎಲ್ಲರೂ ಎದ್ದರು. ನಿನ್ನೆಯಿಂದ ಚಹಾ ಇಲ್ಲದ ಆಫೀಸಿನಲ್ಲಿ ಬಿಸಿ ಚಹಾ ಬಂತು. ಅಪ್ಪಾಸಾಹೇಬರು ಬಶಿಗೆ ಸುರುವಿಕೊಂಡು ಕುಡಿದು, ಧಾರಕರ ಕೈ ದಿನಾ ಈ ಹೆಸರಿನ ಹತ್ತಿರ ಸೋಲುವುದಾದರೆ ಅದನ್ನು ವೇಳಾಪತ್ರಿಕೆಯಲ್ಲಿ ಹಾಕುವುದು ಎಲ್ಲರಿಗೂ ಅನುಕೂಲ ಎಂದರು. ಯಾರೂ ಬೇಡ ಅನ್ನಲಿಲ್ಲ.

ಲೋಕನಾಥ ವಹಿ ತೆಗೆದು ವೇಳೆ ಬರೆದ, ಹಾಜರಿದ್ದವರನ್ನು ಬರೆದ. ಷರಾದಲ್ಲಿ 'ಎಂದಿನಂತೆ' ಎಂದು ಬರೆದು ಶಾಯಿ ಆರಲೆಂದು ಊದಿದ.

ಅಂಬಾರಾಯ ಬಶಿ ಕೆಳಗಿಟ್ಟ. ಧೋತರಕ್ಕೆ ಕೈ ಒರೆಸಿಕೊಂಡ. ಯಂತ್ರದ ತಳಕ್ಕೆ ಅಂಗೈ ಕೊಟ್ಟು ನೋಡಿದ, ಇನ್ನೂ ಬೆಚ್ಚಗಿತ್ತು. ಎತ್ತಿ ಹಿಡಿದ.